ನಾಯಕ ಬಂದ, ಅವಳು?
‘ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್’ (1987–94) ಎಂಬ ಅಮೆರಿಕದ ಧಾರಾವಾಹಿಯಲ್ಲಿ ಆಕಾಶನೌಕೆಯ ಕಪ್ತಾನ ಪಿಕಾರ್ಡ್ ಆಗಿದ್ದವರು ಪ್ಯಾಟ್ರಿಕ್ ಸ್ಟೀವರ್ಟ್. 2002ರ ಚಲನಚಿತ್ರದ ನಂತರವೂ ಅಭಿಮಾನಿಗಳು ಆ ನಾಯಕನ ದಾರಿ ಕಾದರು. 2020ರಲ್ಲಿ, ತಮ್ಮ 79ನೇ ವಯಸ್ಸಿನಲ್ಲಿ, ಸ್ಟೀವರ್ಟ್ ‘ಸ್ಟಾರ್ ಟ್ರೆಕ್: ಪಿಕಾರ್ಡ್’ ಮೂಲಕ ಮರಳಿದರು. ಫ್ರಾನ್ಸಿನ ದ್ರಾಕ್ಷಿತೋಟದಲ್ಲಿ ಹಳೆಯ ನೋವುಗಳೊಂದಿಗೆ ಕೂತ ಮುದುಕನನ್ನು ನಾಯಕನೆಂದು ತೋರಿಸಿದ್ದು ಮೆಚ್ಚತಕ್ಕ ಮಾತೇ.

ಆದರೆ ಅದೇ ನೌಕೆಯ ಡಾಕ್ಟರ್ ಬೆವರ್ಲಿ ಕ್ರಷರ್? ಗೇಟ್ಸ್ ಮೆಕ್‌ಫ್ಯಾಡನ್ ನಟಿಸಿದ ಆ ಪಾತ್ರಕ್ಕೆ ಬಾಗಿಲು ತೆರೆದದ್ದು 2023ರಲ್ಲಿ, ಮೂರನೆಯ ಹಾಗೂ ಕೊನೆಯ ಭಾಗದಲ್ಲಿ. ಪಿಕಾರ್ಡ್‌ಗೆ ತಿಳಿಸದೆ ಅವನ ಮಗನನ್ನು ಬೆಳೆಸಿದ ತಾಯಿ ಅವಳು. ಆ ಒಂಟಿ ವರ್ಷಗಳನ್ನು ಕಥೆ ನಾಲ್ಕು ಮಾತಿನಲ್ಲಿ ಮುಗಿಸಿಬಿಡುತ್ತದೆ. ನನಗೆ ನೋಡಬೇಕೆನಿಸಿದ್ದು ಆ ವರ್ಷಗಳನ್ನೇ. ನಿಮಗೂ ಹಾಗೆ ಅನಿಸುವುದಿಲ್ಲವೇ?