ಕಿತ್ತುಹೋದ ಹಿಂಬದಿ ಪುಟಗಳು

ಬೈಂಡಿಂಗಿನ ಮೈದಾ ಅಂಟಿಗೆ ಮೈಲುತುತ್ತ ಎಷ್ಟು ಹಾಕಬೇಕು ಎಂಬ ಜಗಳವನ್ನು ಈ ವಾರ ತೀರಿಸುತ್ತೇನೆಂದು ಮಾತು ಕೊಟ್ಟಿದ್ದೆ. ಅಂಟು ಕಾಯಲಿ. ಮೊನ್ನೆ 'ಲಿಟರರಿ ಕ್ರೈಟೀರಿಯನ್'ನ ಹಳೇ ಸಂಚಿಕೆಗಳ ಸಂಪುಟವೊಂದು ಸಿಕ್ಕಿತು, ಯಾವುದೋ ಗ್ರಂಥಾಲಯ ಬೇಡವೆಂದು ಹೊರಹಾಕಿದ್ದು. ಹೊಲಿಗೆ ಗಟ್ಟಿ, ರಟ್ಟು ಗಟ್ಟಿ, ಒಳಗೆ ಒಂದೇ ಒಂದು ಮುಖಪುಟವಿಲ್ಲ! ಕಟಿಂಗ್ ಯಂತ್ರ ಕೆಲವು ಪುಟಸಂಖ್ಯೆಗಳ ತಲೆಯನ್ನೂ ಹಾರಿಸಿದೆ.

ಲೇಖನವಿದ್ದರೆ ಸಾಕು, ಮಿಕ್ಕಿದ್ದು ಕಸ ಎನ್ನುವ ಪಂಗಡದ ಜೊತೆ ನನ್ನ ವ್ಯಾಜ್ಯ ಹಳೆಯದು. ಈಗ ಅವರು ಪಿಡಿಎಫ್ ಮಾಡಿಕೊಂಡು ಇನ್ನಷ್ಟು ಬೀಗುತ್ತಿದ್ದಾರೆ. ಲೇಖನ ಬರೆದವರದು ಸ್ವಾಮಿ, ಯಾವುದರ ಪಕ್ಕಕ್ಕೆ ಯಾವುದನ್ನು ಕೂರಿಸಿದರು ಎಂಬುದು ಸಂಪಾದಕರದು.

ಸಿ.ಡಿ. ನರಸಿಂಹಯ್ಯನವರನ್ನೇ ನೋಡಿ. ಹೆಸರಿನ 'ಸಿ' ಎಂದರೆ ಕ್ಲೋಸ್‌ಪೇಟೆ, ಇಂದಿನ ರಾಮನಗರ. ಕೇಂಬ್ರಿಜ್‌ನಲ್ಲಿ ವಿಮರ್ಶಕ ಲೀವಿಸರ ಪಾಠ ಕೇಳಿ ಬಂದು 1952ರಲ್ಲಿ ಮೈಸೂರಿನಿಂದ ಈ 'ಲಿಟರರಿ ಕ್ರೈಟೀರಿಯನ್' ಪತ್ರಿಕೆ ತೆಗೆದರು. ಹೆಸರಿನಲ್ಲಿ ಎಲಿಯಟ್ಟರ 'ಕ್ರೈಟೀರಿಯನ್' ಕೇಳಿಸಿದರೂ ಹಟವೆಲ್ಲ ಲೀವಿಸರ 'ಸ್ಕ್ರೂಟಿನಿ'ಯದು. ಗುರುವಿನ ಪತ್ರಿಕೆ ಮರುವರ್ಷವೇ ನಿಂತಿತು, ಶಿಷ್ಯರದು ದಶಕಗಟ್ಟಲೆ ನಡೆಯಿತು. ಭಾರತೀಯರ ಇಂಗ್ಲಿಷ್ ಬರಹವೆಂದರೆ ಇಂಗ್ಲಿಷ್ ಮೇಷ್ಟರುಗಳೇ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಇವರು ರಾಜಾರಾವ್ ಅವರ 'ಕಾಂತಾಪುರ'ವನ್ನು, ಅಚ್ಚಕ್ಕ ಉಸಿರು ಬಿಡದೆ ಹೇಳುವ ಆ ಕಥೆಯನ್ನು, ದೊಡ್ಡ ಸಾಹಿತ್ಯವೆಂದೇ ಓದಿಸಿದರು. ಕೊನೆಗೆ 1979ರಲ್ಲಿ ಮೈಸೂರಿನಲ್ಲಿ ಕಟ್ಟಿದ ಅಧ್ಯಯನ ಕೇಂದ್ರಕ್ಕೆ ಇಟ್ಟ ಹೆಸರು 'ಧ್ವನ್ಯಾಲೋಕ', ಕಾಶ್ಮೀರದ ಆನಂದವರ್ಧನನ ಗ್ರಂಥದ್ದು. ಕೇಂಬ್ರಿಜ್‌ನಿಂದ ಕಾಶ್ಮೀರಕ್ಕೆ ಮೈಸೂರಿನ ಮೇಲೆ ಹಾಯುವ ದಾರಿ ಅದು.

ಆನಂದವರ್ಧನನ ಹೆಸರು ಬಂದ ಮೇಲೆ ನಾನು ಸುಮ್ಮನಿರುವವನಲ್ಲ. ಅವನು ಉದಾಹರಿಸುವ ಆ ಪ್ರಾಕೃತ ಪದ್ಯದ ಹೆಣ್ಣು ನೆನಪಿದ್ದಾಳಲ್ಲ? ಗೋದಾವರಿಯ ದಂಡೆಯ ಪೊದೆಯಲ್ಲಿ ಅವಳು ನಲ್ಲನನ್ನು ಕಾಣುವ ಜಾಗ. ಅಲ್ಲಿಗೇ ಒಬ್ಬ ಧಾರ್ಮಿಕ ಬಂದು ಅಡ್ಡಾಡುತ್ತಾನೆ. ನಾಯಿಯೊಂದರ ಭಯ ಬಿಟ್ಟರೆ ಅವನಿಗೆ ಬೇರೆ ತಡೆಯಿಲ್ಲ. ಅವಳು ಎಷ್ಟು ವಿನಯದಿಂದ ಹೇಳುತ್ತಾಳೆ: ಇನ್ನು ಧೈರ್ಯವಾಗಿ ಓಡಾಡಿ, ಆ ನಾಯಿಯನ್ನು ಪೊದೆಯ ಸಿಂಹ ಕೊಂದುಹಾಕಿತು. ಬಾಯಲ್ಲಿ ಬನ್ನಿ, ಧ್ವನಿಯಲ್ಲಿ ಇತ್ತ ಸುಳಿದೀರಿ ಜೋಕೆ.

ಸಾಹಿತ್ಯ ಪತ್ರಿಕೆಗಳ ಹಿಂಬದಿಯಲ್ಲಿ ಬರುತ್ತಿದ್ದ 'ಸಾದರ ಸ್ವೀಕಾರ' ಈ ಹೆಣ್ಣಿನ ತಂಗಿ. ಪುಸ್ತಕದ ಹೆಸರು, ಪ್ರಕಾಶಕರು, ಪುಟ, ಬೆಲೆ. ಅಷ್ಟೇ. ವಿಮರ್ಶೆಗೆಂದು ಕಳಿಸಿದ ಪುಸ್ತಕಕ್ಕೆ ಸಂಪಾದಕರು ಸಾದರವಾಗಿ ಸಿಂಹ ತೋರಿಸುವ ಜಾಗ ಅದು. ಬೈದು ಬರೆದರೆ ಲೇಖಕ ಎರಡು ಸಂಚಿಕೆ ಉತ್ತರ ಕೊಟ್ಟಾನು, ಇದಕ್ಕೆ ಏನೆಂದು ಉತ್ತರ ಕೊಡುತ್ತಾನೆ? ಬೈಂಡರ್ ಮೊದಲು ಕೀಳುವುದೂ ಇದೇ ಪುಟವನ್ನು.

ನನ್ನ ಮೊದಲ ಪುಸ್ತಕವೂ ಒಂದು ಪತ್ರಿಕೆಯಲ್ಲಿ ಹೀಗೇ ಸ್ವೀಕಾರವಾಗಿತ್ತು, ಹದಿನೇಳನೆಯದಾಗಿ, ಬೆಲೆಯೂ ತಪ್ಪಾಗಿ. ವರ್ಷಗಳ ಮೇಲೆ ಆ ಸಂಪುಟ ಹುಡುಕಿ ತೆಗೆದರೆ ಆ ಪುಟವೇ ಇಲ್ಲ. ಅವತ್ತೊಂದು ದಿನ ಬೈಂಡರನನ್ನು ಬೈಯಲಿಲ್ಲ.