ಸಂಬಳದ ಪಟ್ಟಿ ಬರೆದವರು

ಕರ್ಹಾ ನದಿಯ ತೀರದ ಸಾಸವಡದಲ್ಲಿ, 1720ರಲ್ಲಿ ಇಲ್ಲಿಯೇ ತೀರಿಕೊಂಡ ಮರಾಠರ ಪ್ರಧಾನಿ ಪೇಶ್ವೆ ಬಾಳಾಜಿ ವಿಶ್ವನಾಥನ ಸಮಾಧಿಯನ್ನೂ ಪುರಂದರೆ ಮನೆತನದವರ ವಾಡೆಯ ಎತ್ತರದ ಗೋಡೆಗಳನ್ನೂ ಕಂಡವರಿಗೆ ಖಡ್ಗಗಳ ಕಥೆ ಸಹಜವಾಗಿ ನೆನಪಾಗುವುದು. ನನ್ನ ಗೌರವವಾದರೋ ಆ ಖಡ್ಗಧಾರಿಗಳ ಸಂಬಳವನ್ನು ಬರೆದಿಟ್ಟ ಕಾರಕೂನರಿಗೇ ಮೊದಲು ಸಲ್ಲುತ್ತದೆ.

ಪುಣೆಯ ಪೇಶ್ವೆ ದಫ್ತರವೆಂಬ ದಾಖಲೆಗಳ ಭಂಡಾರದಲ್ಲಿ ಬಟ್ಟೆಯ ರುಮಾಲುಗಳೊಳಗೆ ಕಟ್ಟಿಟ್ಟಿರುವ ಕಾಗದಗಳು ಅವರ ಕೈಕೆಲಸ. ಹಾಳೆಯ ಉದ್ದಕ್ಕೂ ಮೊದಲು ಒಂದು ಗೆರೆಯನ್ನೆಳೆದು, ಬೋರು ಎಂಬ ಜೊಂಡಿನ ಲೇಖನಿಯನ್ನು ಆದಷ್ಟು ಮೇಲೆತ್ತದೆ, ಪದಪದಗಳ ನಡುವೆ ತೆರಪನ್ನೂ ಬಿಡದೆ, ಮರಾಠಿಯ ಮೋಡಿ ಲಿಪಿಯ ದುಂಡಕ್ಷರಗಳನ್ನು ಅವರು ಆ ಗೆರೆಗೆ ತೂಗುಹಾಕುತ್ತಿದ್ದರು. ಎಂತಹ ವೇಗ, ಎಂತಹ ನಿಷ್ಠೆ! ಸರಕಾರದ ಕುದುರೆಯನ್ನೇರಿದ ಬಾರಗೀರನ ಲೆಕ್ಕ ಬೇರೆ; ಸ್ವಂತ ಕುದುರೆಯೊಡನೆ ಬಂದ ಶಿಲೇದಾರನದು ಬೇರೆ. ಶಿಲೇದಾರನಿಗೆ ದಂಡಯಾತ್ರೆಗೆ ಮುನ್ನ ನಾಲಬಂದಿಯೆಂಬ ಮುಂಗಡವುಂಟು. ಅವನ ಕುದುರೆಗೆ ಮೊದಲೇ ಬೆಲೆ ಕಟ್ಟಿ ಬರೆದಿಡುತ್ತಿದ್ದುದರಿಂದ, ಅದು ರಣದಲ್ಲಿ ಮಡಿದರೆ ಪರಿಹಾರ ಕೇಳಲು ಆಧಾರವಿರುತ್ತಿತ್ತು. ಬಡ ಸವಾರನ ಸರ್ವಸ್ವವೇ ಆ ಕುದುರೆಯಾಗಿದ್ದ ಕಾಲದಲ್ಲಿ ಇಂತಹ ಒಂದು ಸಾಲಿನ ಮಹತ್ವವನ್ನು ಎಷ್ಟು ಹೇಳಿದರೂ ಕಡಮೆಯೇ.

ಇಂತಹ ದಾಖಲೆ ಇಲ್ಲವಾದರೆ ಭಟನ ಪಾಡೇನೆಂಬುದನ್ನು ಅಮೆರಿಕೆಯಲ್ಲಿ ಕಾಣಬಹುದು. ಅಲ್ಲಿ 1800ರ ಅಗ್ನಿಯೊಂದು ಯುದ್ಧ ಇಲಾಖೆಯ ದಾಖಲೆಗಳನ್ನು ನುಂಗಿತು. 1832ರ ಕಾನೂನಿನನ್ವಯ ವಿಶ್ರಾಂತಿವೇತನವನ್ನು ಬೇಡಿದ ವೃದ್ಧ ಮಿಲಿಷಿಯಾ ಭಟರು ತಮ್ಮ ಸೇವೆಯನ್ನು ನ್ಯಾಯಾಲಯದಲ್ಲಿ ಪ್ರಮಾಣಪೂರ್ವಕ ನಿರೂಪಿಸಬೇಕಾಯಿತು.

ನಮ್ಮಲ್ಲಾದರೋ ಕಾರಕೂನರ ಬರಹ ಉಳಿದಿದೆ. ಪೇಶ್ವೆ ದಫ್ತರದಿಂದ ಗೋವಿಂದ ಸಖಾರಾಮ ಸರದೇಸಾಯಿಯವರು ಆಯ್ದ ಕಾಗದಗಳು 1930ರಿಂದ 34ರೊಳಗೆ 45 ಸಂಪುಟಗಳಾಗಿ ಹೊರಬಂದವು. ಅಚ್ಚಾಗದೆ ಉಳಿದುದು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಬೆಳಗಾವಿ, ಧಾರವಾಡಗಳ ಹಳೆಯ ಮನೆಗಳಲ್ಲಿಯೂ ಮೋಡಿ ಕಾಗದಗಳಿರುವುದರಿಂದ, ಆ ಲಿಪಿಯನ್ನು ಕಲಿಯುವ ಕನ್ನಡ ತರುಣರು ನಮಗೆ ಬೇಕು.