ನದಿ ಒಡಂಬಡಿಕೆಗಳಲ್ಲಿ ‘ಪಕ್ಷಗಾರ’ ಯಾರು? — ಗುಬ್ಬಿ, ಕುಣಿಗಲುಗಳ ನೆಲೆಯಿಂದ ಒಂದು ವಿಮರ್ಶೆ

ಹಲವು ರಾಷ್ಟ್ರಗಳ ನೆಲದಲ್ಲಿ ಹರಿಯುವ ನದಿಗಳನ್ನು ಕುರಿತು ಇಂದು ಜಗತ್ತಿನಲ್ಲಿ ಎರಡು ಮುಖ್ಯ ಒಡಂಬಡಿಕೆಗಳಿವೆ. ಮೊದಲನೆಯದು ವಿಶ್ವಸಂಸ್ಥೆಯ ಯೂರೋಪು ಆರ್ಥಿಕ ಆಯೋಗದ ಆಶ್ರಯದಲ್ಲಿ 1992ರಲ್ಲಿ ಹೆಲ್ಸಿಂಕಿಯಲ್ಲಿ ಆದುದು. 2016ರಿಂದ ಅದು ಎಲ್ಲ ರಾಷ್ಟ್ರಗಳಿಗೂ ತೆರೆದಿದೆ. ಎರಡನೆಯದನ್ನು ವಿಶ್ವಸಂಸ್ಥೆಯ ಮಹಾಸಭೆಯು 1997ರ ಮೇ 21ರಂದು ಅಂಗೀಕರಿಸಿತು. ಅದು ಜಾರಿಗೆ ಬಂದುದು 2014ರಲ್ಲಿ. ಈ ಎರಡನೆಯದಕ್ಕೆ ಮತ ಹಾಕುವಾಗ ಭಾರತವು ತಟಸ್ಥವಾಗಿ ಉಳಿಯಿತು. ಎರಡರಲ್ಲಿ ಒಂದಕ್ಕೂ ಅದು ಸೇರಿಲ್ಲ. ನೆರೆಯ ಬಾಂಗ್ಲಾದೇಶವು 2025ರಲ್ಲಿ ಮೊದಲನೆಯದಕ್ಕೆ ಸೇರಿತು. ಹೀಗಿರಲು, ನಾವೂ ಸೇರಬೇಕೆ, ಸೇರುವುದಾದರೆ ನದಿಯನ್ನು ನಂಬಿ ಬದುಕುವ ಜನರನ್ನು ಆ ನಿರ್ಣಯದಲ್ಲಿ ಪಾಲುಗಾರರನ್ನಾಗಿ ಮಾಡುವ ಬಗೆ ಯಾವುದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದನ್ನು ತುಮಕೂರು ಸೀಮೆಯ ಅನುಭವದ ಒರೆಗಲ್ಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ರಾಷ್ಟ್ರದ ಗಡಿಯಿಂದ ಇಷ್ಟು ದೂರದ ಸೀಮೆಗೂ ಅಂತಾರಾಷ್ಟ್ರೀಯ ಒಡಂಬಡಿಕೆಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ದೇವರಾಯನದುರ್ಗದ ಬೆಟ್ಟಗಳೇ ಇದಕ್ಕೆ ಮೊದಲ ಉತ್ತರ. ಅಲ್ಲಿ ಹುಟ್ಟಿದ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ಒಂದೇ ಬೆಟ್ಟದ ಮಳೆ ಎರಡು ಕಣಿವೆಗಳ ಪಾಲಾಗುತ್ತದೆ. ಶಿಂಷೆಯ ನೀರನ್ನು ಗುಬ್ಬಿ ತಾಲ್ಲೂಕಿನಲ್ಲಿ ಕಡಬದ ಕೆರೆಯೂ, ಕುಣಿಗಲು ತಾಲ್ಲೂಕಿನಲ್ಲಿ ಮಾರ್ಕೋನಹಳ್ಳಿ ಜಲಾಶಯವೂ ತಡೆದು ನಿಲ್ಲಿಸುತ್ತವೆ. ಇದು ಸಾಲದೆ, 1979ರಲ್ಲಿ ಪೂರ್ಣಗೊಂಡ ಗೊರೂರಿನ ಅಣೆಕಟ್ಟಿನಿಂದ ಹೇಮಾವತಿಯ ನೀರು ನಾಲೆಯಲ್ಲಿ ಈ ಜಿಲ್ಲೆಗೆ ಬರುತ್ತದೆ; ಬುಗುಡನಹಳ್ಳಿ ಕೆರೆಯ ಮೂಲಕ ತುಮಕೂರು ನಗರವು ಕುಡಿಯುವುದು ಅದನ್ನೇ.

ಎರಡನೆಯ ಉತ್ತರ ನ್ಯಾಯಸ್ಥಾನದ್ದು. ಅಂತಾರಾಷ್ಟ್ರೀಯ ಕಾನೂನು ಸಂಘವು 1966ರಲ್ಲಿ ರೂಪಿಸಿದ ಹೆಲ್ಸಿಂಕಿ ನಿಯಮಗಳ ನ್ಯಾಯೋಚಿತ ಹಂಚಿಕೆಯ ತತ್ತ್ವವನ್ನು 2007ರ ಕಾವೇರಿ ನ್ಯಾಯಮಂಡಲಿಯೂ, 2018ರ ಫೆಬ್ರವರಿ 16ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆಧಾರವಾಗಿ ಹಿಡಿದುವು. ಕರ್ನಾಟಕದ ಪಾಲು 270ರಿಂದ 284.75 ಟಿ.ಎಂ.ಸಿ. ಅಡಿಗೆ ಏರಿದುದೂ, ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25ಕ್ಕೆ ಇಳಿದುದೂ ಆ ತೀರ್ಪಿನ ಫಲ. ಒಡಂಬಡಿಕೆಗೆ ಸಹಿ ಬೀಳದಿದ್ದರೂ ಅದರ ತತ್ತ್ವ ನಮ್ಮ ಗದ್ದೆಯ ಬದುವಿಗೆ ಆಗಲೇ ಬಂದು ನಿಂತಿದೆ.

ಈಗ ಒಡಂಬಡಿಕೆಗಳ ಭಾಷೆಯನ್ನು ಪರಿಶೀಲಿಸೋಣ. 1892 ಮತ್ತು 1924ರ ಕರಾರುಗಳಲ್ಲಿ ಪಕ್ಷಗಾರರು ಮೈಸೂರು, ಮದರಾಸು ಸರಕಾರಗಳು. 1956ರ ಅಂತರರಾಜ್ಯ ಜಲವಿವಾದ ಕಾಯಿದೆಯಲ್ಲಿ ದೂರು ಕೊಡುವ ಅಧಿಕಾರವಿರುವುದು ರಾಜ್ಯ ಸರಕಾರಕ್ಕೆ. 1997ರ ಒಡಂಬಡಿಕೆಯಲ್ಲಿ ಆ ಸ್ಥಾನ ರಾಷ್ಟ್ರಗಳದು. ಅದರ 6ನೆಯ ವಿಧಿಯು ನದಿಯನ್ನು ಅವಲಂಬಿಸಿದ ಜನಸಂಖ್ಯೆಯನ್ನು ಗಣನೆಗೆ ತೆಗೆದುಕೊಳ್ಳಬೇಕೆಂದು ಹೇಳುತ್ತದೆ, ನಿಜ. ಆದರೆ ಅಲ್ಲಿ ಜನರು ತಕ್ಕಡಿಯಲ್ಲಿ ಇಟ್ಟ ಪದಾರ್ಥವೇ ಹೊರತು ತಕ್ಕಡಿ ಹಿಡಿದವರಲ್ಲ. 1992ರ ಒಡಂಬಡಿಕೆಯ 16ನೆಯ ವಿಧಿ ನದಿಯ ಸ್ಥಿತಿಗತಿಗಳನ್ನು ಸಾರ್ವಜನಿಕರಿಗೆ ತಿಳಿಸಬೇಕೆನ್ನುತ್ತದೆ. ಇದು ಶ್ಲಾಘ್ಯವೇ, ಆದರೂ ಜನರಿಗೆ ತಿಳಿಸುವುದು ಬೇರೆ, ಜನರನ್ನು ಕೇಳುವುದು ಬೇರೆ.

ಹಾಗಾದರೆ ಸ್ಥಳೀಯರನ್ನೂ ಸಭೆಗೆ ಕರೆದರೆ ಕೊರತೆ ನೀಗೀತೆ? ಅಷ್ಟು ಸುಲಭವಿಲ್ಲ. ‘ಸ್ಥಳೀಯರು’ ಎಂಬುದು ಒಂದೇ ಪಕ್ಷವೆಂದು ತಿಳಿಯುವುದೇ ಇಲ್ಲಿನ ದೊಡ್ಡ ಭ್ರಮೆ. ಹೇಮಾವತಿ ನಾಲೆಯ ನೀರನ್ನು ಗುಬ್ಬಿ ತಾಲ್ಲೂಕಿನಲ್ಲಿಯೇ ಕವಲೊಡೆಸಿ ಕೊಳವೆಯ ಮೂಲಕ ಕುಣಿಗಲಿನ ಕಡೆಗೆ ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ಯೋಜನೆಯನ್ನು ವಿರೋಧಿಸಿ 2025ರ ಮೇ ತಿಂಗಳ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ನಾಲೆಯ ಕೊನೆಯಲ್ಲಿರುವ ನಮಗೆ ಹೆಸರಿಗೆ ಪಾಲಿದ್ದರೂ ನೀರು ಮುಟ್ಟುತ್ತಿಲ್ಲ ಎಂಬುದು ಕುಣಿಗಲಿನ ವಾದ. ನೀರನ್ನು ಮೇಲೆಯೇ ತಿರುಗಿಸಿಬಿಟ್ಟರೆ ನಮ್ಮ ಕೆರೆಗಳೂ ತೆಂಗು ಅಡಿಕೆಯ ತೋಟಗಳೂ ಒಣಗುತ್ತವೆ ಎಂಬುದು ಗುಬ್ಬಿಯ ಅಳಲು. ಎರಡೂ ಸುಳ್ಳಲ್ಲ.

1997ರ ಒಡಂಬಡಿಕೆಯನ್ನು ಓದಿದವರಿಗೆ ಈ ಜಗಳ ಪರಿಚಿತವೆನಿಸುತ್ತದೆ. ಅದರ 5ನೆಯ ವಿಧಿ ನ್ಯಾಯೋಚಿತ ಬಳಕೆಯನ್ನು ಹೇಳುತ್ತದೆ. 7ನೆಯ ವಿಧಿ ಇನ್ನೊಬ್ಬರಿಗೆ ಗಣನೀಯ ಹಾನಿ ಮಾಡಬಾರದೆನ್ನುತ್ತದೆ. ಇವೆರಡರಲ್ಲಿ ಯಾವುದು ಮೇಲು ಎಂಬುದು ಕಾನೂನು ಪಂಡಿತರ ಮುಗಿಯದ ಚರ್ಚೆ. ಕುಣಿಗಲು 5ನೆಯ ವಿಧಿಯನ್ನು ನುಡಿಯುತ್ತಿದೆ, ಗುಬ್ಬಿ 7ನೆಯದನ್ನು. ಇಬ್ಬರೂ ಆ ಗ್ರಂಥವನ್ನು ಕಣ್ಣಿನಿಂದ ಕಂಡವರಲ್ಲ, ಅಷ್ಟೆ.

ಇದರಿಂದ ನಮಗೆ ಅಹಿತವಾದ ಒಂದು ಸತ್ಯ ಹೊರಬೀಳುತ್ತದೆ. ನಾಲೆಯ ಕೊನೆಯ ಕುಣಿಗಲು ಮಾಡುವ ವಾದವನ್ನು ನದಿಯ ಕೊನೆಯ ತಂಜಾವೂರಿನ ರೈತನು ಮಾಡಿದಾಗ ನಾವು ಕಿವಿಗೊಡುವುದಿಲ್ಲ. ಬಿಳಿಗುಂಡ್ಲುವಿನಲ್ಲಿ ಮೇಲಿನವರಾಗಿ ಮಾತಾಡುವ ನಾವು, ಕುಣಿಗಲಿನಲ್ಲಿ ಕೆಳಗಿನವರಾಗಿ ಮರುಗುತ್ತೇವೆ. 2003ರಲ್ಲಿ ಎರಡೂ ರಾಜ್ಯಗಳ ರೈತರು ಕೂಡಿ ‘ಕಾವೇರಿ ಕುಟುಂಬ’ವನ್ನು ಕಟ್ಟಿಕೊಂಡು ಒಬ್ಬರ ಹೊಲವನ್ನು ಇನ್ನೊಬ್ಬರು ಕಂಡುಬಂದುದು ಈ ದೃಷ್ಟಿಯಿಂದ ಸ್ಮರಣೀಯ. ಕಾನೂನಿನಲ್ಲಿ ಅದಕ್ಕೆ ಸ್ಥಾನವಿರಲಿಲ್ಲವೆಂಬುದು ಅದರ ಮಿತಿ. ಆ ಮಿತಿ ರೈತರದಲ್ಲ, ‘ಪಕ್ಷಗಾರ’ ಎಂಬ ಪದದ್ದು.

ಕೆರೆಯ ಬಯಲಿನಲ್ಲಿ ಹಂಚಿಕೆಯ ಹಳೆಯ ಪದ್ಧತಿಯೊಂದಿತ್ತು. ತೂಬು ತೆಗೆಯುವವನು ನೀರುಗಂಟಿ. ಸರದಿಯಂತೆ ಗದ್ದೆಯಿಂದ ಗದ್ದೆಗೆ ನೀರು ಹಾಯುವುದು ಅಚ್ಚುಕಟ್ಟಿನವರೆಲ್ಲರ ಕಣ್ಣೆದುರಿಗೆ. ಇದನ್ನು ಸುವರ್ಣಯುಗವೆಂದು ಹೊಗಳಲು ನಾವು ಸಿದ್ಧರಿಲ್ಲ. ನೀರು ಬಿಡುವ ಕೈ ನೀರುಗಂಟಿಯದಾದರೂ ನಿರ್ಣಯದ ಮಾತು ಭೂಮಿಯುಳ್ಳವರದಾಗಿತ್ತು. ಭೂಮಿಯಿಲ್ಲದವರಿಗೂ ಹೆಂಗಸರಿಗೂ ಅಲ್ಲಿ ಧ್ವನಿಯಿರಲಿಲ್ಲ. ಆದರೂ ಒಂದು ಗುಣವನ್ನು ಒಪ್ಪಲೇಬೇಕು: ಅಳತೆ ಗುಟ್ಟಾಗಿರಲಿಲ್ಲ. ಕಡಿಮೆ ಬಂದವನಿಗೆ ಎಷ್ಟು ಕಡಿಮೆಯಾಯಿತು, ಏಕಾಯಿತು ಎಂಬುದು ಕಾಣುತ್ತಿತ್ತು. ಇಂದಿನ ನಾಲೆಯ ಕೊನೆಯ ರೈತನಿಗೆ ಕಾಣುವುದು ಒಣಗಿದ ನಾಲೆ ಮಾತ್ರ.

ಒಡಂಬಡಿಕೆಗೆ ಸೇರುವುದನ್ನು ನಾವು ವಿರೋಧಿಸುವುದಿಲ್ಲ; ಅದರ ತತ್ತ್ವಗಳು ಗೌರವಾರ್ಹ. ನಮ್ಮ ಆಕ್ಷೇಪಣೆ ಕ್ರಮವನ್ನು ಕುರಿತದ್ದು. ಸಹಿಯಾದ ಮೇಲೆ ಜನರ ಸಮ್ಮತಿಯನ್ನು ಹುಡುಕುವುದು ಗೋಡೆ ಎಬ್ಬಿಸಿದ ಮೇಲೆ ಪಾಯ ತೋಡಿದಂತೆ. ಪ್ರತಿ ತೂಬಿನಲ್ಲಿ ಹರಿದ ನೀರಿನ ಲೆಕ್ಕ ಊರ ಮುಂದೆ ತೆರೆದಿರಲಿ. ಗುಬ್ಬಿಯವರೂ ಕುಣಿಗಲಿನವರೂ, ತೋಟದೊಡೆಯರೂ ಕೂಲಿಯವರೂ, ಕೊಡ ಹಿಡಿದು ನಲ್ಲಿಯ ಮುಂದೆ ಕಾಯುವ ನಗರದ ಹೆಂಗಸರೂ ಆ ಲೆಕ್ಕದ ಸುತ್ತ ಒಟ್ಟಿಗೆ ಕುಳಿತುಕೊಳ್ಳುವಂತಾಗಲಿ. ಒಂದೇ ನಾಲೆಯ ಎರಡು ತಾಲ್ಲೂಕುಗಳು ಹಂಚಿಕೊಳ್ಳಲು ಕಲಿಯದ ನ್ಯಾಯವನ್ನು ರಾಷ್ಟ್ರಗಳು ಸಹಿಯ ಬಲದಿಂದ ಕಲಿಯಲಾರವು.